ಇಲ್ಲದ ಮಂಡಿನೋವು

ನನ್ನ ಮಂಡಿಗೆ ಏನೂ ಆಗಿರಲಿಲ್ಲ. ಆದರೂ ಆ ಮಳೆಗಾಲದಲ್ಲಿ ರಾಜಾಜಿನಗರದ ನಮ್ಮ ಚರ್ಚಿನ ಸಭೆಯವರೆಲ್ಲ ಅದಕ್ಕಾಗಿ ಪ್ರಾರ್ಥನೆ ಮಾಡುತ್ತಿದ್ದರು. ಪಾದ್ರಿಗಳನ್ನು ನಾವು ಅಯ್ಯನವರು ಎನ್ನುತ್ತೇವೆ. ಅವರ ಹೆಂಡತಿ ಒಂದು ಮುಲಾಮು ಕಳಿಸಿದರು. ಗಾಯನ ಮಂಡಳಿಯ ದಾನಿಯೇಲಪ್ಪನವರು ತಮ್ಮ ತಾಯಿ ಬಳಸುತ್ತಿದ್ದ ಉಣ್ಣೆಯ ಪಟ್ಟಿಯನ್ನು ಒಗೆದು ಮಡಿಸಿ, ಕವರಿನಲ್ಲಿ ಹಾಕಿ ಕೊಟ್ಟುಹೋದರು. ಅದನ್ನು ಕಟ್ಟಿಕೊಂಡು ಕುಂಟುವುದನ್ನು ನಾನು ಅಭ್ಯಾಸ ಮಾಡಿಕೊಂಡೆ. ಕೆಲವು ಸಲ ಯಾವ ಕಾಲು ಎಂಬುದೇ ಮರೆತುಹೋಗುತ್ತಿತ್ತು.

ನಿಜವೇನೆಂದರೆ, ದೇವರಲ್ಲಿದ್ದ ನನ್ನ ನಂಬಿಕೆ ಹೋಗಿಬಿಟ್ಟಿತ್ತು. ಯಾವುದೋ ದುಃಖದಿಂದ, ಯಾರ ಮೇಲಿನದೋ ಕೋಪದಿಂದ ಹೋದದ್ದಲ್ಲ. ತಿರುಪು ಸಡಿಲವಾಗಿ ಕಿವಿಯೋಲೆ ಎಲ್ಲೋ ಬಿದ್ದುಹೋದ ಹಾಗೆ. ಯಾವ ಬೀದಿಯಲ್ಲಿ ಬಿತ್ತು ಎಂದು ಕೇಳಿದರೆ ಹೇಳಲಾರೆ. ಮನೆಗೆ ಬಂದು ಮುಟ್ಟಿ ನೋಡಿಕೊಂಡಾಗ ಇರಲಿಲ್ಲ. ಮೊದಲು ಗಾಬರಿಯಾಯಿತು, ಹುಡುಕಿದೆ. ಆಮೇಲೆ ಕಿವಿ ಹಗುರವಾಗಿದೆ ಅನ್ನಿಸಿತು.

ಹಗುರವಾಗದೆ ಉಳಿದದ್ದು ಒಂದೇ, ಅಕ್ಕನ ವಿಷಯ. ನಾನು ಚಿಕ್ಕವಳಿದ್ದಾಗಲೇ ಅಮ್ಮ ತೀರಿಕೊಂಡರು. ಸಭೆಯ ಉಪದೇಶಿಯಾಗಿದ್ದ ಅಪ್ಪ ಬೋಧನೆಗೆಂದು ಊರೂರು ಸುತ್ತುತ್ತಿದ್ದರು. ನನಗೆ ತಲೆ ಬಾಚಿ, ನರ್ಸ್ ಕೆಲಸ ಮಾಡಿ ಬಿ.ಎ. ಓದಿಸಿ, ಮದುವೆ ಮಾಡಿಸಿದವಳು ಜ್ಞಾನಮಣಿ ಅಕ್ಕ. ತಾನು ಮದುವೆಯಾಗಲಿಲ್ಲ. ನನ್ನ ಯಜಮಾನರು ಹೋದ ಮೇಲೆ ಕುರುಬರಹಳ್ಳಿಯ ಈ ಮಹಡಿ ಮನೆಯಲ್ಲಿ ನಾವಿಬ್ಬರೇ ಇದ್ದೇವೆ. ಅಕ್ಕನ ಪ್ರಾರ್ಥನೆಗೆ ಹೊತ್ತುಗೊತ್ತು ಇಲ್ಲ. "ಕರ್ತನೇ, ಈ ಕುಕ್ಕರ್ ಗ್ಯಾಸ್ಕೆಟ್ ಇನ್ನೊಂದು ವಾರ ತಡೀಲಪ್ಪ" ಎಂದು ಒಲೆಯ ಮುಂದೆಯೇ ಹೇಳುತ್ತಾಳೆ. ಇಂಥವಳಿಗೆ ನಿಜ ಹೇಳಿದರೆ ಅವಳು ನನಗೆ ಇಲ್ಲವಾಗುತ್ತಾಳೆ ಎಂದು ಹೆದರಿ, ಚರ್ಚಿಗೆ ಹೋಗದಿರಲು ಮಂಡಿನೋವು ಹೂಡಿದ್ದೆ.

ಒಂದು ಭಾನುವಾರ ಅಕ್ಕ ನಮ್ಮ ಸಭೆಯ ಜಯವಂತಿಯ ಜೊತೆ ಆಟೋದಲ್ಲಿ ಚರ್ಚಿಗೆ ಹೋದ ಮೇಲೆ, ಒದ್ದೆ ಬಟ್ಟೆಯ ಬಕೆಟ್ ಎತ್ತಿಕೊಂಡು ಟೆರೇಸಿಗೆ ಹತ್ತಿದೆ. ಕೆಳಗಿನ ಮನೆಯ ವರಲಕ್ಷ್ಮಿ ಅಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ನನ್ನನ್ನು ನೋಡಿದಳು, ಬಕೆಟ್ ನೋಡಿದಳು.

"ಆಂಟಿ, ಮಂಡಿ?"

"ಯಾವ ಮಂಡಿ ಅಂತ ಕೇಳ್ಬೇಡ ಕಣಮ್ಮ. ಎರಡೂ ಚೆನ್ನಾಗಿವೆ."

"ಮತ್ಯಾಕೆ ಚರ್ಚಿಗೆ ಹೋಗ್ತಿಲ್ಲ?"

ಅವಳ ಬಾಯಲ್ಲಿ ಬಟ್ಟೆಯ ಕ್ಲಿಪ್ಪಿತ್ತು, ಕೈಯಲ್ಲಿ ಗಂಡನ ಬನಿಯನ್. ಅಂಥವಳ ಮುಂದೆ ಹೇಳುವುದು ಯಾಕೋ ಸುಲಭವಾಯಿತು. ಹೇಳಿಬಿಟ್ಟೆ. ಅವಳು ಕ್ಲಿಪ್ಪು ತೆಗೆದು ಹಿಗ್ಗಿದಳು.

"ಅಂದ್ರೆ ನಮ್ ಕಡೆ ಬಂದ್ರಾ? ಹೇಳೋದಲ್ವಾ ಆಂಟಿ. ಬರೋ ಶುಕ್ರವಾರನೇ ವರಮಹಾಲಕ್ಷ್ಮಿ ಹಬ್ಬ."

"ನಿಮ್ಮ ಕಡೆಗೂ ಬಂದಿಲ್ಲ ಕಣಮ್ಮ."

"ಆ ಕಡೆನೂ ಇಲ್ಲ, ಈ ಕಡೆನೂ ಇಲ್ಲ. ಮತ್ತೆ ಎಲ್ಲಿದೀರ?"

"ಸದ್ಯಕ್ಕೆ ಟೆರೇಸ್ ಮೇಲೆ."

ಅವಳಿಗೆ ನಗು ಬಂತು. ನನ್ನ ಬಕೆಟಿನಿಂದ ಒಂದು ಸೀರೆ ತೆಗೆದು, ಇನ್ನೊಂದು ತುದಿ ನನ್ನ ಕೈಗೆ ಕೊಟ್ಟು ಹಿಂಡತೊಡಗಿದಳು. "ಹಾಗಾದ್ರೆ ನಮ್ಮನೆಯೋರ ಥರ ಅನ್ನಿ. ಅವರಿಗೂ ದೇವರು ಗೀವರು ಇಲ್ಲ. ಆಂಜನೇಯನ ಗುಡಿಗೆ ನಮ್ ಜೊತೆ ಬರ್ತಾರೆ, ಒಳಗೆ ಬರಲ್ಲ. ಆಚೆ ನಿಂತ್ಕೊಂಡು ಚಪ್ಪಲಿ ಕಾಯ್ತಾರೆ. ಅದೂ ಒಂದು ಅನುಕೂಲ. ನಂಗೆ ಈ ಹತ್ತು ವರ್ಷದಲ್ಲಿ ಒಂದು ಜೊತೆನೂ ಕಳೆದಿಲ್ಲ."

ಮರುದಿನ ಸಂಜೆ ಅವಳ ಗಂಡ ಸುಬ್ರಮಣಿ ತಮ್ಮ ಲೇತ್ ವರ್ಕ್‌ಶಾಪಿನಿಂದ ಬಂದವರು ಮೆಟ್ಟಿಲ ಬಳಿ ನನ್ನನ್ನು ಕಂಡು ಸ್ಕೂಟರ್ ಆರಿಸಿದರು. ಹೆಚ್ಚು ಮಾತಾಡುವವರಲ್ಲ. ಹೆಲ್ಮೆಟ್ಟನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದರು.

"ಇವಳು ಹೇಳಿದ್ಲು ಆಂಟಿ. ನಂದು ಹೊಟ್ಟೆನೋವಾಗಿತ್ತು."

"ಏನು?"

"ಹಬ್ಬ ಬಂದ್ರೆ, ಪೂಜೆ ಬಂದ್ರೆ ಹೊಟ್ಟೆನೋವು ಅಂತಿದ್ದೆ. ನಮ್ಮಮ್ಮ ಊರೆಲ್ಲ ಒಬ್ಬಟ್ಟು ತಿನ್ನೋವಾಗ ನಂಗೆ ಗಂಜಿ ಕಾಯಿಸಿ ಕೊಡೋರು. ಕುಡಿದು ಕುಡಿದು ಸಾಕಾಗಿ ಕೊನೆಗೆ ಹೇಳ್ಬಿಟ್ಟೆ."

"ಅಮ್ಮ ಏನಂದ್ರು?"

"ಅತ್ರು. ಆಮೇಲೆ, ಹೋಗ್ಲಿ ಬಾ, ಚಪ್ಪಲಿ ನೋಡ್ಕೊಳ್ಳೋಕಾದ್ರೂ ಒಬ್ಬ ಬೇಕು ಅಂದ್ರು." ಅವರು ಹೆಲ್ಮೆಟ್ಟನ್ನು ಸ್ಕೂಟರಿನ ಕನ್ನಡಿಗೆ ಸಿಕ್ಕಿಸಿದರು. "ಹೇಳ್ಬಿಡಿ ಆಂಟಿ. ಗಂಜಿ ಕಷ್ಟ. ನೀವೂ ಹೀಗೇ ಅಂತ ಗೊತ್ತಾಗಿ ನಂಗೂ ಒಂಥರಾ ಸಮಾಧಾನ ಆಯ್ತು. ಈ ರೋಡಲ್ಲಿ ನಾನೊಬ್ನೇ ಅನ್ಕೊಂಡಿದ್ದೆ."

ಹೇಳಬೇಕೆಂದು ನಿಶ್ಚಯಿಸಿದೆ. ಆದರೆ ಅಷ್ಟರಲ್ಲಿ ಅಕ್ಕ ಒಂದು ಏರ್ಪಾಡು ಮಾಡಿಬಿಟ್ಟಿದ್ದಳು. ಮಂಗಳವಾರ ಸಂಜೆ ನನ್ನ ಮಂಡಿಗಾಗಿ ನಮ್ಮ ಮನೆಯಲ್ಲೇ ಪ್ರಾರ್ಥನಾ ಕೂಟ. ಅಯ್ಯನವರು, ಜಯವಂತಿ, ದಾನಿಯೇಲಪ್ಪ, ಇನ್ನೂ ಕೆಲವರು ಬಂದರು. ಸುಬ್ರಮಣಿ ಕೆಳಗಿನಿಂದ ಪ್ಲಾಸ್ಟಿಕ್ ಕುರ್ಚಿಗಳನ್ನು ತಂದು ಹಾಕಿ ಬಾಗಿಲಾಚೆ ಹೋಗಿ ಕುಳಿತರು. ವರಲಕ್ಷ್ಮಿ ಅಡುಗೆಮನೆಯಲ್ಲಿ ಬೋಂಡಾ ಕರಿಯುತ್ತಿದ್ದಳು. ನನ್ನನ್ನು ನಡುವೆ ಕೂರಿಸಿ ಕೀರ್ತನೆ ಹಾಡಿದರು. ಅಪ್ಪನಿಗೆ ಇಷ್ಟವಾದ ರಾಗ. ನನಗೆ ಈಗಲೂ ಇಷ್ಟ. ದನಿಗೂಡಿಸಿದೆ.

ಆಮೇಲೆ ಎಲ್ಲರೂ ಕಣ್ಣು ಮುಚ್ಚಿದರು. ನಾನು ಮುಚ್ಚಲಿಲ್ಲ. ಅದಕ್ಕೇ ನನಗೆ ಕಾಣಿಸಿತು: ಅಕ್ಕ ಮಂಚದ ಅಂಚು ಹಿಡಿದುಕೊಂಡು ಮೆಲ್ಲಗೆ ನೆಲಕ್ಕೆ ಇಳಿಯುತ್ತಿದ್ದಳು. ನಮ್ಮ ಮನೆಯಲ್ಲಿ ನಿಜವಾಗಿ ಸವೆದುಹೋದ ಮಂಡಿ ಅವಳದ್ದು. ಆಸ್ಪತ್ರೆಯ ವಾರ್ಡುಗಳಲ್ಲಿ ನಿಂತು ನಿಂತು ಸವೆದದ್ದು. ಡಾಕ್ಟರು ನೆಲದ ಮೇಲೆ ಕೂರಲೇಬಾರದು ಎಂದಿದ್ದರು. ಆ ಮಂಡಿಯನ್ನು ನೆಲಕ್ಕೂರಿ, ತುಟಿ ಕಚ್ಚಿಕೊಂಡು, ನನ್ನ ಗಟ್ಟಿಮುಟ್ಟಾದ ಮಂಡಿಯ ಮೇಲೆ ಕೈಯಿಟ್ಟು, "ಕರ್ತನೇ, ಬೇಕಾದ್ರೆ ಇವಳ ನೋವು ನಂಗೆ ಕೊಡಪ್ಪ" ಅಂದಳು.

ನಾನು ಎದ್ದುನಿಂತೆ.

"ಅಕ್ಕ, ಏಳು. ನನ್ನ ಮಂಡಿಗೆ ಏನೂ ಆಗಿಲ್ಲ."

ಅಕ್ಕನ ಮುಖ ಅರಳಿತು. ವಾಸಿಯಾಯಿತು ಎಂದುಕೊಂಡಳು, ಪಾಪ. ಜಯವಂತಿ ಆಗಲೇ "ಸ್ತೋತ್ರ, ಸ್ತೋತ್ರ" ಎನ್ನತೊಡಗಿದ್ದಳು.

"ಈಗ ವಾಸಿಯಾಗಿದ್ದಲ್ಲ. ಮೊದಲಿಂದಲೂ ಏನೂ ಆಗಿರಲಿಲ್ಲ. ನಂಗೆ ನಂಬಿಕೆ ಹೋಗಿದೆ ಅಕ್ಕ. ದೇವರಿದಾನೆ ಅಂತ ಅನ್ಸಲ್ಲ. ನಿನಗೆ ಹೇಳೋಕೆ ಹೆದರಿ ಕುಂಟ್ತಾ ಇದ್ದೆ."

ಅಡುಗೆಮನೆಯಲ್ಲಿ ವರಲಕ್ಷ್ಮಿ ಒಲೆ ಆರಿಸಿದಳು.

"ಹಾಗಾದ್ರೆ ಇಷ್ಟು ದಿನ ನಾವು ಮಾಡಿದ ಪ್ರಾರ್ಥನೆಯೆಲ್ಲ ಎಲ್ಲಿಗೆ ಹೋಯ್ತು?" ಎಂದು ಜಯವಂತಿ ಕೇಳಿದಳು. ದನಿಯಲ್ಲಿ ಕೊಂಕಿತ್ತು, ನೋವೂ ಇತ್ತು.

ಅಯ್ಯನವರು ಇನ್ನೂ ಚಿಕ್ಕ ವಯಸ್ಸಿನವರು. ಏನು ಹೇಳುತ್ತಾರೋ ಎಂದು ನಾನು ನೋಡುತ್ತಿದ್ದೆ. ಅವರು ಮೊದಲು ಬಗ್ಗಿ, ಅಕ್ಕನ ತೋಳಿಗೆ ಕೈ ಕೊಟ್ಟು ಎಬ್ಬಿಸಿ ಕುರ್ಚಿಯ ಮೇಲೆ ಕೂರಿಸಿದರು. "ಎಲ್ಲೂ ಹೋಗಿರಲ್ಲಮ್ಮ. ಯಾರದ್ದಾದ್ರೂ ಮಂಡಿಗೆ ತಲುಪಿರುತ್ತೆ" ಎಂದು ಜಯವಂತಿಗೆ ಹೇಳಿದರು. ನನ್ನ ಕಡೆ ತಿರುಗಿ, "ನೀವು ಮನೆಗೆ ಬರೋದು ಮಾತ್ರ ಬಿಡ್ಬೇಡಿ. ನಮ್ಮ ಮಗಳಿಗೆ ನೀವು ಹೇಳ್ಕೊಡ್ತಿದ್ದ ಕನ್ನಡ ವ್ಯಾಕರಣ ಅರ್ಧಕ್ಕೇ ನಿಂತಿದೆ" ಅಂದರು.

ಅಕ್ಕ ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ನಾನು ಹೊರಗೆ ಬಂದೆ. ಸುಬ್ರಮಣಿ ಮೆಟ್ಟಿಲ ಮೇಲೆ, ಬಂದವರ ಚಪ್ಪಲಿಗಳ ಪಕ್ಕ ಕೂತಿದ್ದರು. ಸರಿದು ಜಾಗ ಮಾಡಿಕೊಟ್ಟರು.

"ಹೇಳಿದ್ರಾ?"

"ಹೇಳಿದೆ."

"ಗಂಜಿ ತಪ್ತು ಬಿಡಿ."

ವರಲಕ್ಷ್ಮಿ ಎರಡು ತಟ್ಟೆಗಳಲ್ಲಿ ಬೋಂಡಾ ತಂದು ನಮ್ಮ ನಡುವೆ ಇಟ್ಟುಹೋದಳು. ಹೊರಟುನಿಂತ ದಾನಿಯೇಲಪ್ಪನವರಿಗೆ ಉಣ್ಣೆಯ ಪಟ್ಟಿ ಬಿಚ್ಚಿ ಕೊಡಹೋದೆ. "ಇಟ್ಕೊಳ್ಳಿ, ಚಳಿಗೆ ಆಗುತ್ತೆ" ಎಂದು ಚಪ್ಪಲಿ ಮೆಟ್ಟಿಕೊಂಡು ಇಳಿದುಹೋದರು.

ಆಮೇಲಿನ ದಿನಗಳಲ್ಲಿ ಅಕ್ಕ ನನ್ನೊಡನೆ ಮಾತಾಡಲಿಲ್ಲ. ನಾನು ಏಳುವ ಹೊತ್ತಿಗೆ ನನ್ನ ಕಾಫಿ ಮಾತ್ರ ಮೇಜಿನ ಮೇಲಿರುತ್ತಿತ್ತು, ಆರದಂತೆ ತಟ್ಟೆ ಮುಚ್ಚಿಕೊಂಡು. ಆ ತಟ್ಟೆಯನ್ನು ನೋಡಿದಾಗೆಲ್ಲ ನನಗೆ ಧೈರ್ಯ ಬರುತ್ತಿತ್ತು. ಶುಕ್ರವಾರ ವರಲಕ್ಷ್ಮಿ ಹಬ್ಬದ ಒಬ್ಬಟ್ಟು ತಂದವಳು ಅಡುಗೆಮನೆಯಲ್ಲಿ ಅಕ್ಕನ ಹತ್ತಿರ ಬಹಳ ಹೊತ್ತು ತನ್ನ ಗಂಡನ, ಆಂಜನೇಯನ ಗುಡಿಯ ವಿಷಯ ಏನೋ ಮಾತಾಡುತ್ತಿದ್ದಳು.

ಮರುದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಅಕ್ಕ ಎಂದಿನಂತೆ ಕೈ ಜೋಡಿಸಿದಳು. ನಾನು ಅನ್ನ ಮುಟ್ಟದೆ ಕಾದೆ. ಅವಳು ಒಂದು ಕಣ್ಣು ತೆರೆದಳು.

"ನೀನು ತಿನ್ನು. ಸಾರು ಆರುತ್ತೆ. ನಂದು ನಾನು ಮುಗಿಸ್ಕೋತೀನಿ."

"ಕಾಯ್ತೀನಿ ಬಿಡು."

ಪ್ರಾರ್ಥನೆ ಮುಗಿಸಿ, ಅನ್ನ ಕಲಸುತ್ತ, ನನ್ನ ಮುಖ ನೋಡದೆ ಕೇಳಿದಳು. "ಹಾಗಾದ್ರೆ ಆಮೇಲೆ ನಾವಿಬ್ರು ಸಿಗಲ್ವೇನೇ ಕೃಪಾ? ಅಮ್ಮ, ಅಪ್ಪ, ನಾನು ಎಲ್ಲ ಅಲ್ಲಿರ್ತೀವಿ. ನೀನೊಬ್ಳು ಇರಲ್ವಾ?"

ಅವಳಿಗಾಗಿ ಒಂದು ಉತ್ತರ ಹುಟ್ಟಿಸಬಹುದಿತ್ತು. ಇನ್ನೊಂದು ಮಂಡಿನೋವು ಬೇಡವೆನ್ನಿಸಿತು.

"ಗೊತ್ತಿಲ್ಲ ಅಕ್ಕ. ಈಗಂತೂ ಸಿಕ್ಕಿದೀವಲ್ಲ. ಇರೋವರೆಗೂ ನಿನ್ನ ಬಿಟ್ಟು ಎಲ್ಲೂ ಹೋಗಲ್ಲ."

ಅವಳು ಬಹಳ ಹೊತ್ತು ಅನ್ನ ಕಲಸಿದಳು. "ಅವನು ನಿನ್ನ ಬಿಡಲ್ಲ, ಅದು ನಂಗೊತ್ತು" ಅಂದಳು ಕೊನೆಗೆ. "ನೀನು ನಂಬದಿದ್ರೆ ಇಬ್ರಿಗೂ ನಂದೊಬ್ಳದೇ ಸಾಕು. ಉಪ್ಪಿನಕಾಯಿ ಹಾಕ್ಕೋ."

ಭಾನುವಾರ ಅವಳು ಬಿಳಿ ಸೀರೆಯುಟ್ಟು, ಕೋಲು ಹಿಡಿದು ಬಾಗಿಲಲ್ಲಿ ನಿಂತು ಕರೆದಳು. "ಮಂಡಿ ಚೆನ್ನಾಗಿದೆ ಅಂದ್ಯಲ್ಲ. ಮತ್ತೆ ಕೂತಿದೀಯಲ್ಲ? ಕೈ ಹಿಡ್ಕೊಂಡು ಮೆಟ್ಲಿಳಿಸು. ಆ ಜಯವಂತಿ ಹತ್ರ ಬರೀ ಮಾತೇ, ಹಿಡಿತ ಇಲ್ಲ."

ಎರಡೂ ಕಾಲನ್ನು ನೆಟ್ಟಗೆ ಊರಿ ಅವಳನ್ನು ಇಳಿಸಿದೆ. ಎಷ್ಟು ಸುಖವಾಗಿತ್ತು, ಹಾಗೆ ನಡೆಯುವುದು. ಆಟೋದಲ್ಲಿ ಚರ್ಚಿನವರೆಗೂ ಹೋದೆವು. ಅಂಗಳದ ಹೊಂಗೆಮರದ ಕೆಳಗೆ ಒಂದು ಕಲ್ಲುಬೆಂಚಿದೆ. "ನಾನು ಇಲ್ಲಿರ್ತೀನಿ" ಅಂದೆ. ಅಕ್ಕ ತಲೆಯಾಡಿಸಿ ಬಾಗಿಲ ಕಡೆ ನಡೆದಳು. ಒಳಗೆ ಹಾರ್ಮೋನಿಯಂ ಶುರುವಾಗಿತ್ತು.

ಬಾಗಿಲ ತನಕ ಹೋದವಳು ನಿಂತಳು. ಅಷ್ಟು ದೂರವೂ ಕೋಲೂರಿಕೊಂಡು ತಿರುಗಿ ಬಂದಳು. ನಮ್ಮ ಚರ್ಚಿನಲ್ಲಿ ಚಪ್ಪಲಿ ಬಿಡುವ ಪದ್ಧತಿಯಿಲ್ಲ. ಎಲ್ಲರೂ ಹಾಕಿಕೊಂಡೇ ಹೋಗುತ್ತಾರೆ. ಅಕ್ಕ ನನ್ನ ಹೆಗಲು ಹಿಡಿದುಕೊಂಡು ಒಂದು ಚಪ್ಪಲಿ ಬಿಟ್ಟಳು, ಆಮೇಲೆ ಇನ್ನೊಂದು. ಕೋಲಿನ ತುದಿಯಿಂದ ಎರಡನ್ನೂ ನನ್ನ ಕಾಲ ಬಳಿಗೆ ತಳ್ಳಿದಳು.

"ನೋಡ್ಕೋತಿರು. ಹೊಸದು" ಎಂದು ಹೇಳಿ, ಬರಿಗಾಲಲ್ಲಿ ಒಳಗೆ ಹೋದಳು.