ಅಂಚಿನ ಎಳೆ ಕೀಳುತ್ತಿದ್ದ ಅರಿಗ್ನೋಟಸ್ ಮೇಷ್ಟ್ರು

ಅರಿಗ್ನೋಟಸ್ ಮೇಷ್ಟ್ರ ಮೇಲುವಸ್ತ್ರದ ಅಂಚು ಎಂದೂ ಅಂಚಿನ ಹಾಗೆ ಇದ್ದದ್ದಿಲ್ಲ. ಎಡಭುಜವನ್ನು ಮುಂದೆ ಚಾಚಿ, ಎದುರುಗಾಳಿಯಲ್ಲಿ ನಡೆಯುವವರಂತೆ ಓರೆಯಾಗಿ ಹೆಜ್ಜೆಯಿಡುತ್ತ, ಅವರು ಬಲಗೈಯಿಂದ ಆ ಅಂಚಿನ ಎಳೆಯೊಂದನ್ನು ಎಳೆಯುತ್ತಲೇ ಇರುವರು. ಬಟ್ಟೆ ಸುಕ್ಕುಗಟ್ಟಿದರೆ ಮುಖ ಅರಳುವುದು, ಎಳೆ ಸಲೀಸಾಗಿ ಕಳಚಿ ಬಂದರೆ "ಥೂ, ಇದು ಇದ್ರೂ ಒಂದೇ, ಹೋದ್ರೂ ಒಂದೇ" ಎಂದು ಊದಿ ಹಾರಿಸುವರು. ತಮ್ಮ ದುರಂತ ನಾಟಕಗಳ ಕಥೆಯನ್ನೂ ಅವರು ಪರೀಕ್ಷಿಸುತ್ತಿದ್ದುದು ಹೀಗೆಯೇ: ಒಂದು ಭಾಗ ತೆಗೆದರೂ ಕಥೆ ಕೆಡದಿದ್ದರೆ ಆ ಭಾಗ ಬೇಡ. ಅವರ ಮೇಳದಲ್ಲಿ ಹಾಡಿ ಕುಣಿದ ನಮಗೆಲ್ಲ, ಎಷ್ಟೋ ಸುಂದರ ಗೀತೆಗಳು ಹಾಗೆ ಹಾರಿಹೋದ ಸಂಕಟ ಗೊತ್ತು.

ಇನ್ನೊಂದು ಹಟವಿತ್ತು. ಮುಖವಾಡ, ಕೊಳಲು, ಕುಣಿತ ಯಾವುದೂ ಇಲ್ಲದೆ, ಬರಿಯ ಕಥೆಯನ್ನು ಅಥೆನ್ಸಿನ ಪೇಟೆಯಲ್ಲಿ ಮೀನು ಮಾರುವ ಮೆಲಿತ್ತಳ ಮುಂದೆ ಹೇಳುವರು. ಕೇಳುತ್ತ ಕೇಳುತ್ತ ಅವಳ ಚಾಕು ನಿಂತರೆ ಕಥೆ ಗೆದ್ದಂತೆ.

"ಬಂದ್ರಾ ಮೇಷ್ಟ್ರೇ? ಇವತ್ತು ಯಾವ ರಾಜನ ಕೊಲೆ? ಒಂದು ದಿನ ಒಂದು ಮೀನಾದ್ರೂ ಕೊಂಡಿದ್ದುಂಟಾ ನೀವು!" ಎಂದು ಅವಳು ಕೆಣಕುವಳು.

ಮೇಷ್ಟ್ರ ಒಬ್ಬನೇ ಮಗ ಸೀಮೋಸ್ ನೌಕಾಯುದ್ಧದಲ್ಲಿ ಮುಳುಗಿದ, ದೇಹ ಸಿಗಲಿಲ್ಲ. ಕಡಲಿನ ಪಾಲಾದವರನ್ನು ಹೆಸರು ಹಿಡಿದು ಕೂಗಿ ಬೀಳ್ಕೊಡುವುದು ನಮ್ಮವರ ಪದ್ಧತಿ. ಮೇಷ್ಟ್ರ ಬಾಯಿಂದ ಆ ಹೆಸರೇ ಹೊರಡಲಿಲ್ಲ. ಅವರು ನಾಟಕ ಬರೆದರು: ಬಿರುಗಾಳಿಯಲ್ಲಿ ಹಡಗು ಹೊರಡಿಸಿದ ರಾಜನೊಬ್ಬನಿಗೆ, ಮುಳುಗಿದ ಆ ಹಡಗಿನಲ್ಲಿ ತನ್ನ ಮಗನೂ ಇದ್ದನೆಂದು ಆಮೇಲೆ ತಿಳಿಯುತ್ತದೆ. ಅದರ ಬೆನ್ನಿಗೇ ಮೇಳದ ಶೋಕಗೀತೆ. ತಾವು ಕೂಗಲಾರದ್ದನ್ನು ನಮ್ಮ ಕೊರಳಿನಿಂದ ಕೂಗಿಸಲು ಹೊರಟಿದ್ದರು, ಪಾಪ. ಅಭ್ಯಾಸದಲ್ಲಿ ನಾವು ಅಳದ ದಿನವಿಲ್ಲ.

ಪೇಟೆಯಲ್ಲಿ ರಾಜನಿಗೆ ನಿಜ ತಿಳಿಯುವ ಘಟ್ಟ ಬಂದಾಗ ಮೆಲಿತ್ತಳ ಚಾಕು ನಿಂತಿತು, ತೋಳಿನ ರೋಮ ನೆಟ್ಟಗಾಯಿತು. ಮೇಷ್ಟ್ರು ಶೋಕಗೀತೆಯನ್ನೂ ಹಾಡಿದರು.

"ಅಯ್ಯೋ, ಎಂಥಾ ಹಾಡಪ್ಪ! ಕರುಳು ಹಿಂಡ್ತು. ಇದನ್ನ ಮಾತ್ರ ಬಿಡ್ಬೇಡಿ," ಎಂದು ಅವಳು ಕಣ್ಣೊರೆಸಿಕೊಂಡಳು.

"ಹಾಡುವಾಗ ನಿನ್ನ ಚಾಕು ಮತ್ತೆ ಆಡ್ತಿತ್ತಲ್ಲ, ಮೆಲಿತ್ತ," ಎಂದರು ಮೇಷ್ಟ್ರು.

ಮರುದಿನ ಆ ಹಾಡು ಹೋಯಿತು. ನಾವು ಜಗಳಕ್ಕೇ ನಿಂತೆವು. "ಮೇಷ್ಟ್ರೇ, ಅದು ನಿಮ್ಮ ಸೀಮೋಸನ ಹಾಡು!"

"ಹೌದ್ರಪ್ಪ, ಅದಕ್ಕೇ ಬೇಡ. ಕಥೆ ಆ ರಾಜಂದು. ಅವನಿಗೆ ತಿಳೀತು, ಸುಮ್ನೆ ನಿಂತ್ಕೊಳ್ಲಿ." ಹಾಗೆಂದು ಅಂಚಿನ ಇನ್ನೊಂದು ಎಳೆಗೆ ಕೈಹಾಕಿದರು.

ವಸಂತೋತ್ಸವದ ನಾಟಕ ಸ್ಪರ್ಧೆಯ ದಿನ, ಗುಡ್ಡದ ಮಗ್ಗುಲಿನ ರಂಗಸ್ಥಳದಲ್ಲಿ ಊರಿಗೆ ಊರೇ ಸೇರಿತ್ತು. ರಾಜನಿಗೆ ತಿಳಿಯಿತು. ಕೊಳಲು ನಿಂತಿತು. ನಾವು ಮಾತಿಲ್ಲದೆ ನಿಂತೆವು. ಆ ಮೌನದಲ್ಲಿ ಮೇಲಿನ ಸಾಲಿನ ಮುದುಕನೊಬ್ಬ ಎದ್ದು, ಕಡಲಿನತ್ತ ತಿರುಗಿ, ತನ್ನ ಮಗನ ಹೆಸರು ಕೂಗಿದ. ಇನ್ನೊಬ್ಬ ಎದ್ದ. ಮತ್ತೊಬ್ಬ. ಆಮೇಲೆ ಇಡೀ ಗುಡ್ಡ ಹೆಸರುಗಳನ್ನು ಕೂಗತೊಡಗಿತು. ಎಂಥಾ ಗಳಿಗೆ ಅದು! ನೆನೆದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ರಂಗಕ್ಕೆ ಬರುವ ಪಕ್ಕದ ದಾರಿಯಲ್ಲಿ ನಿಂತಿದ್ದ ಮೇಷ್ಟ್ರು ಬಟ್ಟೆಯ ಅಂಚನ್ನು ಕೈಬಿಟ್ಟು, ಎರಡೂ ಅಂಗೈಗಳನ್ನು ಬಾಯಿಗೆ ಹಿಡಿದು, "ಸೀಮೋಸ್!" ಎಂದರು.

ಬಹುಮಾನ ಬೇರೆಯವರ ಪಾಲಾಯಿತು, ಆಗಲಿ ಬಿಡಿ. ಇಂಥ ಕಥೆಗಾರರು ತಮ್ಮ ದುಃಖವನ್ನು ಬಾಗಿಲ ಹೊರಗೆ ನಿಲ್ಲಿಸಿ, ನಮ್ಮನ್ನು ಮೊದಲು ಒಳಗೆ ಕರೆಯುತ್ತಾರೆ. ನಾವೆಲ್ಲ ನಮ್ಮ ನಮ್ಮವರಿಗಾಗಿ ಅಳತೊಡಗಿದ ಮೇಲೆ, ಆ ಗದ್ದಲದಲ್ಲಿ, ಅವರೂ ತಮ್ಮ ಪಾಲಿನದನ್ನು ಅತ್ತುಕೊಳ್ಳುತ್ತಾರೆ.