ಎಂಟು ಫೋನುಗಳ ವಿಶ್ರಾಂತಿ

ದಣಿದವರನ್ನು ಮಲಗಲು ಬಿಟ್ಟರೆ ದಣಿವು ಹೋಗುತ್ತದೆ ಎಂಬುದು ತೊಟ್ಟಿಲ ಕೂಸಿಗೂ ಗೊತ್ತು. ಆ ಆಸ್ಪತ್ರೆಯ ಆಡಳಿತಕ್ಕೆ ಮಾತ್ರ ಗೊತ್ತಿರಲಿಲ್ಲ. ಪಿ.ಜಿ. ಕೋರ್ಸಿಗೆ ಹೊಸದಾಗಿ ಸೇರಿದ ಎಂಟು ಮಂದಿ ಕಿರಿಯ ಡಾಕ್ಟರುಗಳು ನಿಂತಲ್ಲೇ ತೂಕಡಿಸುತ್ತಿದ್ದಾರೆ ಎಂಬ ದೂರು ಮೇಲಿನವರೆಗೆ ಹೋಯಿತು. ಮೇಲಿನವರು ಇನ್ನಿಬ್ಬರು ಡಾಕ್ಟರುಗಳನ್ನು ಕೊಡಲಿಲ್ಲ, ಒಂದು ಆನ್‌ಲೈನ್ ತರಬೇತಿ ಕೊಟ್ಟರು. ದಣಿವನ್ನು ಗೆಲ್ಲುವ ತರಬೇತಿಯಂತೆ! ವಾರಕ್ಕೊಂದು ಪಾಠ, ಪಾಠಕ್ಕೆ ಮೂರು ಗಂಟೆ. ಮುಗಿಸದಿದ್ದರೆ ಪರೀಕ್ಷೆಗೆ ಕೂರುವ ಹಾಗಿಲ್ಲ.

ಪಾಠದಲ್ಲಿ ಒಬ್ಬ ಹೆಂಗಸು ಬೆಣ್ಣೆಯಂಥ ದನಿಯಲ್ಲಿ ಉಸಿರು ಒಳಗೆಳೆದುಕೊಳ್ಳಿ, ಮೆಲ್ಲಗೆ ಬಿಡಿ ಎನ್ನುತ್ತಿದ್ದಳು. ನಡುನಡುವೆ ಪರದೆಯ ಮೇಲೆ ‘ನೀವು ಇದ್ದೀರಾ?’ ಎಂಬ ಪ್ರಶ್ನೆ ಬರುತ್ತಿತ್ತು. ತಕ್ಷಣ ‘ಹೌದು’ ಒತ್ತದಿದ್ದರೆ ಪಾಠ ಮತ್ತೆ ಮೊದಲಿನಿಂದ ಶುರು. ರೋಗಿಯ ಎದೆ ಒತ್ತುತ್ತಿರುವವರು ಫೋನು ಒತ್ತುವುದು ಯಾವ ಕೈಯಿಂದ? ಎಂಟು ಮಂದಿ ಸೇರಿ ತಮ್ಮದೇ ದಾರಿ ಕಂಡುಕೊಂಡರು. ವಾರಕ್ಕೊಬ್ಬರು ಎಲ್ಲರ ಫೋನೂ ಇಟ್ಟುಕೊಂಡು ಕೂತು ಒತ್ತುವುದು, ಉಳಿದವರು ಕೆಲಸ ಮಾಡುವುದು.

ಆ ಮಂಗಳವಾರ ಸರದಿ ಮೆಣಸಿನಕಾಯಿಯದು. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡಿರುವ ಹುಡುಗಿ ಎಂದು ವಾರ್ಡಿನ ದೊಡ್ಡ ಸಿಸ್ಟರ್ ಇಟ್ಟ ಹೆಸರು ಅದು. ರಾತ್ರಿ ಪಾಳಿ ಮುಗಿಸಿದವಳು ಹೋಗಿ ಮಲಗಬೇಕಿತ್ತು. ಮಲಗುವ ಬದಲು ಒಗೆದ ಬೆಡ್‌ಶೀಟುಗಳ ಕೋಣೆಯಲ್ಲಿ ಗಂಟಿನ ಮೇಲೆ ಕೂತು, ಎದುರಿಗೆ ಎಂಟು ಫೋನುಗಳನ್ನು ಸಾಲಾಗಿ ಜೋಡಿಸಿಕೊಂಡಳು. ಎಂಟು ಹೆಂಗಸರು ಒಬ್ಬಳ ಹಿಂದೊಬ್ಬಳು ಉಸಿರು ಎಳೆಯಿರಿ, ಉಸಿರು ಎಳೆಯಿರಿ ಎಂದು ಪ್ರಾಣ ತಿಂದರು. “ಇದ್ದೀನಮ್ಮಾ ತಾಯಿ, ಇನ್ನೂ ಸತ್ತಿಲ್ಲ” ಎಂದು ಗೊಣಗುತ್ತ ಒಂದೊಂದನ್ನೇ ಒತ್ತಿದಳು. ನಡುವೆ ನಗುವೂ ಬಂತು.

ಮರುದಿನ ಬೆಳಿಗ್ಗೆ ಎಂಟರಲ್ಲೊಬ್ಬನಾದ ಲಂಬು ತಪ್ಪು ಮಾಡಿದ. ಬಾಗಿಲು ದಾಟುವಾಗಲೆಲ್ಲ ತಲೆ ಬಗ್ಗಿಸಬೇಕಾದಷ್ಟು ಉದ್ದದ ಈ ಹುಡುಗ ಬೇರೆಯವರ ಪಾಳಿಯನ್ನೂ ತಾನೇ ಮಾಡುವಷ್ಟು ಸಾಧು. ಎರಡು ದಿನದಿಂದ ಬೆನ್ನು ನೆಲಕ್ಕೆ ತಾಗಿಸಿರಲಿಲ್ಲ. ಸಕ್ಕರೆ ಕಾಯಿಲೆಯ ಅಜ್ಜರೊಬ್ಬರಿಗೆ ಇನ್ಸುಲಿನ್ ನಾಲ್ಕು ಎಂದು ಬರೆಯುವಲ್ಲಿ ನಲವತ್ತು ಎಂದು ಬರೆದ. ಅಜ್ಜ ಮೈ ತಣ್ಣಗಾಗಿ ನಡುಗತೊಡಗಿದಾಗ ಸಿಸ್ಟರ್ ಕಂಡು ಕೂಗಿದ್ದರಿಂದ ಜೀವ ಉಳಿಯಿತು. ಎರಡು ದಿನಕ್ಕೆ ಅಜ್ಜ ಎದ್ದು ಕೂತು, ದಿಂಬು ಗಟ್ಟಿ ಎಂದು ಬೈಯುವಷ್ಟು ಗೆಲುವಾದರು. ಲಂಬುವಿನ ಕೈಗೆ ಮಾತ್ರ ನೋಟಿಸು ಬಂತು. ಡ್ಯೂಟಿಗೆ ಮುನ್ನ ಸಾಕಷ್ಟು ವಿಶ್ರಾಂತಿ ಪಡೆದಿದ್ದರೂ ನಿರ್ಲಕ್ಷ್ಯ ತೋರಿದ್ದಕ್ಕೆ ಕೋರ್ಸಿನಿಂದ ಯಾಕೆ ತೆಗೆದುಹಾಕಬಾರದು?

ಯಾವ ವಿಶ್ರಾಂತಿ? ಮೆಣಸಿನಕಾಯಿ ನೋಟಿಸನ್ನು ಕಿತ್ತುಕೊಂಡು ಓದಿದಳು. ಮಂಗಳವಾರ ಮಧ್ಯಾಹ್ನ ಎರಡರಿಂದ ಐದು, ತರಬೇತಿಯ ಸಮಯ. ತರಬೇತಿಗೆ ಕೂತ ಹೊತ್ತನ್ನೆಲ್ಲ ಆಡಳಿತದವರು ವಿಶ್ರಾಂತಿಯ ಲೆಕ್ಕಕ್ಕೆ ಹಾಕಿಕೊಂಡಿದ್ದರು. ಅವಳಿಗೆ ಮೈಯೆಲ್ಲ ಉರಿಯಿತು. ಅವನು ಪಡೆದ ವಿಶ್ರಾಂತಿ ಎಂದರೆ ಅವಳ ಬೆರಳು.

ವಿಚಾರಣೆಗೆ ಹೋಗಿ ನಿಜ ಹೇಳಿಬಿಡುತ್ತೇನೆ ಎಂದು ಉಳಿದ ಆರು ಮಂದಿಗೆ ಹೇಳಿದಳು. ಒಬ್ಬರೂ ಬೇಡ ಅನ್ನಲಿಲ್ಲ, ಹೂಂ ಅಂತಲೂ ಅನ್ನಲಿಲ್ಲ. ಮನೆಗೆ ಫೋನ್ ಮಾಡಿದಳು. ಬಟ್ಟೆ ಹೊಲಿದು ಮಗಳನ್ನು ಓದಿಸಿದ ಅಮ್ಮ ಹೊಲಿಗೆ ಮಷೀನು ನಿಲ್ಲಿಸಿದ್ದು ಕೇಳಿಸಿತು.

“ನಿನ್ನನ್ನೂ ತೆಗೆದುಹಾಕಿದ್ರೆ? ಊರ ಉಸಾಬರಿ ನಿನಗ್ಯಾಕೆ?”

“ಊರದ್ದಲ್ಲಮ್ಮ. ಒತ್ತಿದ್ದು ನಾನು.”

ಹೊಲಿಗೆ ಮಷೀನು ಮತ್ತೆ ಶುರುವಾಯಿತು. “ಹಾಗಾದ್ರೆ ಹೋಗಿ ಹೇಳು. ಅಳಬೇಡ ಮತ್ತೆ. ಅತ್ಕೊಂಡು ಹೇಳಿದ್ರೆ ಯಾರೂ ಕಿವಿಗೆ ಹಾಕ್ಕೊಳ್ಳಲ್ಲ.”

ವಿಚಾರಣೆಯ ಕೋಣೆಯಲ್ಲಿ ಮೂವರು. ವಿಭಾಗದ ಮುಖ್ಯಸ್ಥರು, ಆಡಳಿತಾಧಿಕಾರಿ, ತರಬೇತಿ ತಂದ ಮೇಡಂ. ಲಂಬು ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ. ಯಾರೂ ಕರೆಯದಿದ್ದರೂ ಮೆಣಸಿನಕಾಯಿ ಬಾಗಿಲು ತಳ್ಳಿ ಒಳಗೆ ನುಗ್ಗಿದಳು.

“ಮಂಗಳವಾರ ಅವನು ವಿಶ್ರಾಂತಿ ತಗೊಂಡಿಲ್ಲ. ಎಮರ್ಜೆನ್ಸಿ ವಾರ್ಡಲ್ಲಿ ಕೆಲಸ ಮಾಡ್ತಿದ್ದ. ಅವನ ಪಾಠ ಒತ್ತಿದ್ದು ನಾನು.”

“ಅಂದ್ರೆ ಮೋಸ ಮಾಡಿದ್ದೀಯ!” ಎಂದರು ಮೇಡಂ.

“ಹೌದು ಮೇಡಂ. ಎಂಟೂ ಜನರದ್ದು ನಾನೇ ಒತ್ತಿದ್ದು.”

ಆಡಳಿತಾಧಿಕಾರಿಗೆ ಹಬ್ಬವಾಯಿತು. ಪೆನ್ನಿನ ಮುಚ್ಚಳ ತೆಗೆದರು. “ಹಾಗಾದ್ರೆ ನಿನ್ನ ಹೆಸರೂ ಬರ್ಕೋತೀನಿ. ಗಂಟುಮೂಟೆ ಕಟ್ಟಿಕೋ.”

“ಬರ್ಕೊಳ್ಳಿ ಸಾರ್. ಅದಕ್ಕೆ ಮುಂಚೆ ಒಂದು ಹೇಳಿ. ಆ ಮೂರು ಗಂಟೆ ಎಂಟು ಜನಕ್ಕೂ ವಿಶ್ರಾಂತಿ ಅಂತ ನೀವೇ ಬರೆದಿದ್ದೀರಿ. ಇರೋ ಕಿರಿಯ ಡಾಕ್ಟರುಗಳೇ ಎಂಟು ಜನ. ಹಾಗಾದ್ರೆ ವಾರ್ಡು ನೋಡಿಕೊಂಡಿದ್ದು ಯಾರು? ಅವತ್ತು ಬಸ್ಸು ಮಗುಚಿ ಬಂದವರಿಗೆಲ್ಲ ಹೊಲಿಗೆ ಹಾಕಿದ್ದು ಯಾರು? ನೀವಾ?”

ಪೆನ್ನು ಅಲ್ಲೇ ನಿಂತಿತು.

ಅವಳು ಮುಖ್ಯಸ್ಥರ ಕಡೆ ತಿರುಗಿದಳು. “ಅವತ್ತು ಅದೇ ಹೊತ್ತಿಗೆ ನೀವೇ ವಾರ್ಡಿನ ಲ್ಯಾಂಡ್‌ಲೈನಿಗೆ ಫೋನ್ ಮಾಡಿದ್ರಲ್ಲ ಸಾರ್. ಎತ್ತೋಕೆ ತಡ ಆಯ್ತು ಅಂತ ಇದೇ ಲಂಬೂಗೆ ಬಾಯಿಗೆ ಬಂದ ಹಾಗೆ ಬೈದ್ರಿ. ಮಲಗಿದ್ದವನಿಗೆ ಬೈದ್ರಾ? ವಾರ್ಡಲ್ಲಿ ಡಾಕ್ಟರೇ ಇರಲಿಲ್ಲ ಅಂತ ಸಹಿ ಹಾಕಿ ಕೊಡಿ. ಇಲ್ಲಾಂದ್ರೆ ನಾವು ಯಾರೂ ಮಲಗಿರಲಿಲ್ಲ ಅಂತ ಸಹಿ ಹಾಕಿ ಕೊಡಿ. ಎರಡರಲ್ಲಿ ಒಂದು.”

ಮೇಡಂ ಲ್ಯಾಪ್‌ಟಾಪ್ ಮುಚ್ಚಿದರು. ಮುಖ್ಯಸ್ಥರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಕೊನೆಗೆ ಆಡಳಿತಾಧಿಕಾರಿಗೆ ಮೆಲ್ಲಗೆ, “ಈ ನೋಟಿಸು ನಿಲ್ಲಲ್ಲ ರೀ. ವಾಪಸ್ ತಗೊಳ್ಳಿ” ಎಂದರು.

ಆಡಳಿತಾಧಿಕಾರಿಗೆ ಮುಖ ಉಳಿಸಿಕೊಳ್ಳಬೇಕಿತ್ತು. “ಸರಿ. ಆದ್ರೂ ಅವನು ಒಳಗೆ ಬಂದು ತಪ್ಪಾಯ್ತು ಅಂತ ಕೇಳಲಿ. ಇವಳದ್ದು ಆಮೇಲೆ ನೋಡೋಣ. ಕರಿ ಅವನನ್ನ.”

ಅವಳು ಬಾಗಿಲು ತೆರೆದಳು. ಲಂಬು ಬೆಂಚಿನ ಮೇಲೆ ಕೂತಲ್ಲೇ ನಿದ್ದೆ ಹೋಗಿದ್ದ. ತಲೆ ಗೋಡೆಗೆ ವಾಲಿತ್ತು, ಬಾಯಿ ತೆರೆದಿತ್ತು. ಉದ್ದನೆಯ ಕಾಲುಗಳು ಕಾರಿಡಾರಿನ ಅರ್ಧಕ್ಕೆ ಚಾಚಿದ್ದವು, ಓಡಾಡುವವರು ದಾಟಿಕೊಂಡು ಹೋಗುತ್ತಿದ್ದರು. ಹೊರಗೆ ಹಾಕುತ್ತಾರೋ ಏನೋ ಎಂಬ ಭಯಕ್ಕೂ ಅವನನ್ನು ಎಚ್ಚರವಾಗಿಡಲು ಆಗಿರಲಿಲ್ಲ. ಅಳಬೇಡ ಎಂದ ಅಮ್ಮನ ಮಾತು ನೆನಪಾಗಿ ಮನಸ್ಸು ಗಟ್ಟಿ ಮಾಡಿಕೊಂಡು ಒಳಗೆ ತಿರುಗಿದಳು.

“ಬರಲ್ಲ ಸಾರ್. ಮಲಗಿದ್ದಾನೆ.”

“ಎಬ್ಬಿಸು!”

“ಎಬ್ಬಿಸಲ್ಲ. ಗಡಿಯಾರ ನೋಡಿ ಬರ್ಕೊಳ್ಳಿ. ವಿಶ್ರಾಂತಿ ಅಂತ ಬರೀತೀರಲ್ಲ, ಇದನ್ನ ಬರೀರಿ.”

ಬಾಗಿಲನ್ನು ಹೊರಗಿನಿಂದ ಎಳೆದುಕೊಂಡು, ಅದಕ್ಕೆ ಬೆನ್ನು ಕೊಟ್ಟು ನಿಂತಳು. ಒಳಗಿನಿಂದ ಯಾರೋ ಹಿಡಿ ತಿರುಗಿಸಿ ಜಗ್ಗಿದರು. ಅವಳು ಹಿಡಿಯನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡಳು.