ಮೂಕ ಕುರ್ಚಿ

ಲೇಖಕರ ಸಮ್ಮೇಳನಕ್ಕೆ ಬರುತ್ತೇನೆಂದು ಒಪ್ಪಿಕೊಂಡಿದ್ದು ನಾನಲ್ಲ, ನನ್ನ ಅತ್ತೆ. ಫೋನು ಬಂದಾಗ ನಾನು ಸ್ನಾನಕ್ಕೆ ಹೋಗಿದ್ದೆ. ತಲೆ ಒರೆಸಿಕೊಂಡು ಹೊರಗೆ ಬರುವಷ್ಟರಲ್ಲಿ ಅವರು ನನ್ನ ಪರವಾಗಿ ಹೂಂ ಎಂದು, ಉಳಿಯಲು ಕೊಡುವ ಕೋಣೆಯಲ್ಲಿ ಬಿಸಿನೀರು ಬರುತ್ತದೆಯೇ ಎಂದೂ ವಿಚಾರಿಸಿ, ಫೋನು ಕೆಳಗಿಟ್ಟಿದ್ದರು.

"ಎರಡು ದಿನವಂತೆ. ಜೊತೆಗೆ ನಾನೂ ಬರ್ತೀನಿ ಅಂತ ಹೇಳಿಬಿಟ್ಟೆ," ಎಂದರು.

"ನಾನು ಬರೆಯೋದು ಬಿಟ್ಟು ಎಷ್ಟು ಕಾಲ ಆಯ್ತು ಅತ್ತೆ."

"ಅದನ್ನ ಅವರು ಕೇಳಲಿಲ್ಲ. ಬರ್ತಾರಾ ಅಂತ ಕೇಳಿದ್ರು, ಬರ್ತಾಳೆ ಅಂದೆ."

ನನ್ನ ಗಂಡ ಲಿಫ್ಟ್ ರಿಪೇರಿ ಮಾಡುತ್ತಿದ್ದ. ಜ್ವರವೆಂದು ಮಲಗಿದವನು ಏಳಲಿಲ್ಲ. ಆಮೇಲೆ ನಾನು ಬರೆದದ್ದು ಬರೀ ಅರ್ಜಿಗಳು. ಅತ್ತೆ ಮತ್ತು ನಾನು ಒಂದೇ ಮನೆಯಲ್ಲಿದ್ದೆವು, ಒಟ್ಟಿಗೆ ಊಟ ಮಾಡುತ್ತಿದ್ದೆವು, ಅವನ ಮಾತು ಮಾತ್ರ ಎತ್ತುತ್ತಿರಲಿಲ್ಲ. ಹಾಗೆಂದು ನಾವೇನೂ ಮಾತಾಡಿಕೊಂಡು ತೀರ್ಮಾನಿಸಿರಲಿಲ್ಲ. ಅವರು ನನಗಾಗಿ ಸುಮ್ಮನಿದ್ದರು, ನಾನು ಅವರಿಗಾಗಿ ಸುಮ್ಮನಿದ್ದೆ.

ಅವನು ಇದ್ದಾಗ ಒಂದು ಕಥಾ ಸಂಕಲನ ತಯಾರಾಗುತ್ತಿತ್ತು. ಒಂದು ಕಥೆ ಮಾತ್ರ ಬಾಕಿ. ಅದು ಅವನದೇ ಕಥೆ, ಲಿಫ್ಟಿನವನ ಕಥೆ. ಪ್ರಕಾಶಕಿಗೆ ಅದರ ಮೇಲೆ ಬಹಳ ಆಸೆ, ಪುಸ್ತಕಕ್ಕೆ ಅದರ ಹೆಸರನ್ನೇ ಇಡೋಣ ಎಂದಿದ್ದರು. ಅವನು ಹೋದ ಮೇಲೆ ಆಕೆ ಒಮ್ಮೆಯೂ ಅವಸರ ಮಾಡಲಿಲ್ಲ, ಹಬ್ಬದ ದಿನ ಕೇಳುವ ಹಾಗೆ ಆಗಾಗ ಫೋನು ಮಾಡಿ ಚೆನ್ನಾಗಿದ್ದೀರಾ ಎಂದಷ್ಟೇ ಕೇಳುತ್ತಿದ್ದರು. ಅದೇ ನನಗೆ ಭಾರವಾಗಿತ್ತು. ಆಕೆಯೂ ಸಮ್ಮೇಳನಕ್ಕೆ ಬರುತ್ತಾರೆಂದು ತಿಳಿಯಿತು. ಎದುರಿಗೇ ಹೇಳಿಬಿಡಬೇಕು ಎಂದುಕೊಂಡೆ: ಪುಸ್ತಕ ಬೇಡ, ಆ ಕಥೆ ಮುಗಿಯುವುದಿಲ್ಲ, ನನ್ನನ್ನು ಬಿಟ್ಟುಬಿಡಿ. ಹಾಗೆ ನಿರ್ಧರಿಸಿದ ಮೇಲೆ ಚೀಲ ತುಂಬುವುದು ಸುಲಭವಾಯಿತು.

ಸಮ್ಮೇಳನ ನಡೆದದ್ದು ರಜೆಯಲ್ಲಿದ್ದ ಒಂದು ಕಾಲೇಜಿನಲ್ಲಿ. ಬಾಗಿಲಲ್ಲೇ ನಮ್ಮ ಕೊರಳಿಗೆ ಒಂದೊಂದು ಬಿಲ್ಲೆ ನೇತುಹಾಕಿದರು. ನನ್ನದರಲ್ಲಿ ಕಥೆಗಾರ್ತಿ ಎಂದಿತ್ತು. ಅತ್ತೆಯದರಲ್ಲಿ ಏನು ಬರೆಯಬೇಕೆಂದು ಮೇಜಿನ ಹಿಂದಿದ್ದ ಹುಡುಗಿಗೆ ತೋಚಲಿಲ್ಲ.

"ಕೇಳುಗರು ಅಂತ ಬರಿ ತಾಯಿ," ಎಂದರು ಅತ್ತೆ. "ಬರೆಯೋರೇ ತುಂಬಿದಾರೆ ಇಲ್ಲಿ, ಕೇಳೋಕೂ ಒಬ್ಬರು ಬೇಕಲ್ಲ."

ನಮ್ಮ ಬೀದಿಯಲ್ಲಿ ಜನ ನನ್ನೊಡನೆ ಮಾತಾಡುವಾಗ ತಲೆಯನ್ನು ಒಂದು ಕಡೆ ವಾಲಿಸುತ್ತಾರೆ. ಹೇಗಿದ್ದೀಯಮ್ಮ ಎಂದು ಕೇಳಿ, ಉತ್ತರ ಬರುವ ಮೊದಲೇ ನಿಟ್ಟುಸಿರು ಬಿಡುತ್ತಾರೆ. ಇಲ್ಲಿ ಯಾರ ತಲೆಯೂ ವಾಲಲಿಲ್ಲ. ಚಹಾದ ಸಾಲಿನಲ್ಲಿ ನಿಂತ ದಪ್ಪ ಕನ್ನಡಕದ ಹಿರಿಯರೊಬ್ಬರು ನನ್ನ ಬಿಲ್ಲೆ ಓದಿ, "ಈಗೇನು ಬರೀತಿದ್ದೀರಿ?" ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ತಾವೇನು ಬರೆಯುತ್ತಿದ್ದೇವೆಂದು ಹೇಳತೊಡಗಿದರು. ಅವರು ಪತ್ತೇದಾರಿ ಕಾದಂಬರಿ ಬರೆಯುವವರು, ಎಲ್ಲರೂ ಅವರನ್ನು ಪತ್ತೇದಾರರೇ ಎಂದು ಕರೆಯುತ್ತಿದ್ದರು. ಕೊಲೆಯಾಗಿ ಮೂರು ಅಧ್ಯಾಯ ಕಳೆದಿತ್ತು, ಕೊಲೆಗಾರ ಯಾರೆಂದು ಅವರಿಗೇ ಇನ್ನೂ ಗೊತ್ತಾಗಿರಲಿಲ್ಲ.

"ಹೆಂಡತಿ ಮೇಲೆ ಅನುಮಾನ ಇತ್ತು," ಎಂದರು, ಚಹಾ ಊದುತ್ತ. "ಈಗ ನೋಡಿದ್ರೆ ಪಾಪ, ಅವಳು ಒಳ್ಳೆಯವಳು ಅನ್ನಿಸ್ತಿದೆ. ನಿದ್ದೆ ಇಲ್ಲ ನನಗೆ."

ಅವರ ಸಂಕಟ ನಿಜವಾದದ್ದು. ಇಲ್ಲದ ಮನುಷ್ಯರ ಚಿಂತೆಯಲ್ಲಿ ಬಡವಾಗುವವರು ಇಷ್ಟು ಮಂದಿ ಒಂದೇ ಕಡೆ ಸೇರಿದ್ದನ್ನು ನಾನು ನೋಡಿ ಬಹಳ ಕಾಲವಾಗಿತ್ತು. ಮಕ್ಕಳ ಕಥೆ ಬರೆಯುವಾಕೆ ಕಾರಿಡಾರಿನಲ್ಲಿ ನಿಂತು ಇನ್ನೊಬ್ಬರಿಗೆ, ತನ್ನ ಕಥೆಯ ಕರಡಿಗೆ ಚಳಿಗಾಲದಲ್ಲಿ ಎಲ್ಲಿ ಜಾಗ ಮಾಡಿಕೊಡುವುದೋ ತಿಳಿಯುತ್ತಿಲ್ಲ ಎಂದು ಹೇಳುತ್ತಿದ್ದರು. ಮಗಳಿಗೆ ಬಾಡಿಗೆ ಮನೆ ಹುಡುಕುವ ತಾಯಿಯ ದನಿ.

ಪ್ರಕಾಶಕಿ ದೂರದಿಂದ ಕೈ ಬೀಸಿದರು. "ಊಟಕ್ಕೆ ಸಿಗೋಣ," ಎಂದರು. ನಾನು ತಲೆಯಾಡಿಸಿದೆ. ಊಟದ ಹೊತ್ತಿಗೆ ಹೇಳಿಬಿಡಬಹುದು.

ಊಟಕ್ಕೆ ಮೊದಲು ಮೂಕ ಕುರ್ಚಿ ಎಂಬ ಗೋಷ್ಠಿ ಇತ್ತು. ಈ ಸಮ್ಮೇಳನ ಹೆಸರಾದದ್ದೇ ಅದಕ್ಕಾಗಿ. ಅರ್ಧಕ್ಕೆ ನಿಂತ ಕಥೆಗಳನ್ನು ಮೊದಲೇ ಕಳಿಸಿರಬೇಕು. ಕಥೆ ಬರೆದವರು ಮುಂದೆ ಒಂದು ಕುರ್ಚಿಯಲ್ಲಿ ಬಾಯಿ ಮುಚ್ಚಿಕೊಂಡು ಕೂರುತ್ತಾರೆ. ಬೇರೊಬ್ಬರು ಅದನ್ನು ಗಟ್ಟಿಯಾಗಿ ಓದುತ್ತಾರೆ. ಉಳಿದವರು ಮುಂದೇನಾಗಬೇಕು ಎಂದು ಜಗಳವಾಡುತ್ತಾರೆ. ಕೊನೆಗೆ ಬರೆದವರು ಎದ್ದು ಮುಂದಿನದನ್ನು ಹೇಳಬೇಕು, ಅಥವಾ "ಇಷ್ಟೇ" ಎಂದು ಕಥೆಯನ್ನು ಅಲ್ಲಿಗೆ ಮುಗಿಸಬೇಕು. ವಿವರಣೆ ಕೊಡುವಂತಿಲ್ಲ, ಸಮರ್ಥನೆ ಮಾಡಿಕೊಳ್ಳುವಂತಿಲ್ಲ. ನನ್ನ ಬಳಿ ಅರ್ಧಕ್ಕೆ ನಿಂತದ್ದು ಅದೊಂದೇ ಇದ್ದುದರಿಂದ ಅದನ್ನೇ ಕಳಿಸಿದ್ದೆ. ಹೇಗೂ ಬಿಟ್ಟುಬಿಡುವುದಾಗಿದ್ದರಿಂದ ಯಾರು ಓದಿದರೇನು ಅನ್ನಿಸಿತ್ತು. "ಇಷ್ಟೇ" ಎಂದು ಹೇಳುವುದು ಕಷ್ಟವಲ್ಲ.

ನನ್ನ ಸರದಿ ಬಂತು. ಕುರ್ಚಿಯಲ್ಲಿ ಕೂತೆ. ಅತ್ತೆ ಕೊನೆಯ ಸಾಲಿನಲ್ಲಿ, ಕಿಟಕಿ ಪಕ್ಕ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಕಥೆ ಯಾರ ಬಗ್ಗೆ ಎಂದು ನಾನು ಅವರಿಗೆ ಹೇಳಿರಲಿಲ್ಲ. ಓದಲು ಎದ್ದವರು ಪತ್ತೇದಾರರು.

ಕಥೆ ಸಣ್ಣದು. ಕರೆಂಟು ಹೋಗಿ, ಒಂದು ಕಟ್ಟಡದ ಲಿಫ್ಟಿನಲ್ಲಿ ಒಬ್ಬಾಕೆ ಸಿಕ್ಕಿಕೊಂಡಿದ್ದಾಳೆ. ಲಿಫ್ಟಿನವನು ಬಂದು ಹೊರಗಿನಿಂದ ಮಾತಾಡಿಸುತ್ತಾನೆ. ಪತ್ತೇದಾರರು ಆಕೆಗೆ ಒಂದು ದನಿ, ಅವನಿಗೆ ಒಂದು ದನಿ ಮಾಡಿಕೊಂಡು ಓದಿದರು.

"'ಒಳಗೆ ಎಷ್ಟು ಜನ ಇದ್ದೀರಿ?' 'ನಾನೊಬ್ಬಳೇ.' 'ಒಳ್ಳೇದಾಯ್ತು, ಜಗಳ ಆಗಲ್ಲ.'"

ಯಾರೋ ನಕ್ಕರು.

"'ನೀವು ಬರೋಕೆ ಯಾಕೆ ಇಷ್ಟು ಹೊತ್ತು?' 'ಮೆಟ್ಟಿಲು ಹತ್ತಿ ಬಂದೆ ಅಮ್ಮ. ನಾನು ಲಿಫ್ಟ್ ಹತ್ತಲ್ಲ.' 'ಯಾಕೆ?' 'ರಿಪೇರಿ ಮಾಡೋನು ನಾನೇ ಅಲ್ವಾ.'"

ಈಗ ಇಡೀ ಕೋಣೆ ನಕ್ಕಿತು. ನಾನು ಕುರ್ಚಿಯ ಕೈ ಹಿಡಿದುಕೊಂಡೆ. ಈ ಕಥೆಯನ್ನು ಎಷ್ಟೋ ಸಲ ತೆಗೆದು ನೋಡಿದ್ದೆ, ಅದರಲ್ಲಿ ನಗು ಇದೆ ಎಂಬುದು ಮರೆತೇಹೋಗಿತ್ತು. ಅವನು ತಮಾಷೆಯವನು. ಅದೂ ಮರೆತುಹೋಗಿತ್ತು. ಹಾಸಿಗೆ ಹಿಡಿದ ಕೊನೆಯ ದಿನಗಳು ಅದರ ಹಿಂದಿನದನ್ನೆಲ್ಲ ಮುಚ್ಚಿಬಿಟ್ಟಿದ್ದವು.

ಕಥೆ ನಿಂತದ್ದು ಇಲ್ಲಿ: ಕರೆಂಟಿಲ್ಲದಾಗ ಲಿಫ್ಟನ್ನು ಇಳಿಸಬೇಕಾದರೆ ಕಟ್ಟಡದ ನೆತ್ತಿಯ ಮೇಲಿರುವ ಯಂತ್ರದ ಕೋಣೆಗೆ ಹೋಗಿ ಚಕ್ರವನ್ನು ಕೈಯಿಂದ ತಿರುಗಿಸಬೇಕು. ಬಾಗಿಲ ಬಳಿ ನಿಂತು ಮಾತಾಡುತ್ತಿದ್ದರೆ ಆಕೆಯನ್ನು ಬಿಡಿಸಲಾಗುವುದಿಲ್ಲ. ಬಿಡಿಸಬೇಕಾದರೆ ಅವಳನ್ನು ಬಿಟ್ಟು ಹೋಗಬೇಕು. ಹೋಗಿ ಬರ್ತೀನಿ ಎನ್ನುತ್ತಾನೆ ಅವನು. ಹೋಗಬೇಡಿ ಎನ್ನುತ್ತಾಳೆ ಆಕೆ. ಅಲ್ಲಿಂದ ಮುಂದೆ ನಾನು ಒಂದಕ್ಷರವೂ ಬರೆದಿರಲಿಲ್ಲ.

ಪತ್ತೇದಾರರು ಹಾಳೆ ಮಡಚಿ, ಓದಿದ ಬಾಯಲ್ಲೇ ಶುರು ಮಾಡಿದರು. "ನನಗೆ ಇವನ ಮೇಲೇ ಅನುಮಾನ. ಕರೆಂಟು ತೆಗೆದವನು ಇವನೇ."

"ನಿಮಗೆ ಹಾಲಿನವನ ಮೇಲೂ ಅನುಮಾನ," ಎಂದರು ಮಕ್ಕಳ ಕಥೆಯಾಕೆ.

ಮುಂದಿನ ಸಾಲಿನಲ್ಲಿದ್ದ ಕವಿಯೊಬ್ಬರೇ ಈ ಗೋಷ್ಠಿಯನ್ನು ನಡೆಸುತ್ತಿದ್ದರು. ಅವರು ಕಣ್ಣು ಮುಚ್ಚಿ, "ಬಾಗಿಲು ತೆರೆಯಲೇಬಾರದು. ಅದು ಬದುಕಿನ ಬಾಗಿಲು," ಎಂದರು.

"ಬದುಕು ಹಾಗಿರಲಿ ಸ್ವಾಮಿ, ಆಯಮ್ಮನ ಕಾಲು ನೋಯ್ತಿರುತ್ತೆ," ಎಂದರು ಮಕ್ಕಳ ಕಥೆಯಾಕೆ. "ಮೊದಲು ಆಚೆ ಕರ್ಕೊಂಡು ಬನ್ನಿ. ಆಮೇಲೆ ಏನಾದ್ರೂ ಅರ್ಥ ಹಚ್ಚಿಕೊಳ್ಳಿ."

"ಸರಿ, ಇನ್ನೊಂದು ಮಾತು," ಎಂದು ಕವಿ ಕಣ್ಣು ತೆರೆದರು. "ಈ ಲಿಫ್ಟಿನವನನ್ನ ನಂಬೋಕಾಗಲ್ಲ. ತುಂಬಾ ಒಳ್ಳೆಯವನು. ಇಂಥ ಮನುಷ್ಯ ಎಲ್ಲೂ ಇರಲ್ಲ. ಲೇಖಕಿ ಅವನನ್ನ ಬಹಳ ಮುದ್ದು ಮಾಡಿದಾರೆ. ಅವನಿಗೆ ಒಂದು ದೋಷ ಬೇಕು."

ಹಲವರು ಹೌದೆಂದರು. ನನಗೆ ಮಾತಾಡುವ ಹಕ್ಕಿರಲಿಲ್ಲ.

"ಯಾರ್ರೀ ಹೇಳಿದ್ದು ಒಳ್ಳೆಯವನು ಅಂತ?"

ಕೊನೆಯ ಸಾಲಿನಲ್ಲಿ ಅತ್ತೆ ಎದ್ದು ನಿಂತಿದ್ದರು. ಚೀಲ ಇನ್ನೂ ಕೈಯಲ್ಲಿತ್ತು.

"ಒದ್ದೆ ಟವೆಲ್ಲು ಹಾಸಿಗೆ ಮೇಲೇ ಬಿಸಾಕೋನು. ಹೇಳಿ ಹೇಳಿ ನನ್ನ ಗಂಟಲು ಒಣಗ್ತು. ಗ್ರೀಸ್ ಕೈಯಲ್ಲಿ ಗೋಡೆ ಮುಟ್ಟೋನು, ಈಗಲೂ ಇದೆ ಬಾಗಿಲ ಪಕ್ಕ, ಐದು ಬೆರಳೂ. ಸಂಜೆ ಬರ್ತೀನಿ ಅಂದೋನು ಯಾವ ಸಂಜೆ ಅಂತ ಹೇಳ್ತಿರಲಿಲ್ಲ. ದೋಷ ಬೇಕಂತೆ ದೋಷ. ಎಷ್ಟು ಬೇಕು ನಿಮಗೆ?"

ನಗು ಮೊದಲು ಬಂತು. ಆಮೇಲೆ ಅದು ಸಾಲು ಸಾಲಾಗಿ ನಿಂತಿತು.

"ನಿಮಗೆ ಪರಿಚಯವಾ ಅಮ್ಮ?" ಎಂದು ಪತ್ತೇದಾರರು ಮೆಲ್ಲಗೆ ಕೇಳಿದರು.

"ನನ್ನ ಮಗ," ಎಂದರು ಅತ್ತೆ. "ಈಗಿಲ್ಲ. ಅಲ್ಲಿ ಕೂತಿರೋಳು ನನ್ನ ಸೊಸೆ."

ನಾನು ನೆಲ ನೋಡಿದೆ. ಈಗ ತಲೆಗಳು ವಾಲುತ್ತವೆ, ನಿಟ್ಟುಸಿರು ಬರುತ್ತದೆ ಎಂದು ಕಾದೆ. ಮಕ್ಕಳ ಕಥೆಯಾಕೆ ಜರುಗಿ ಪಕ್ಕದ ಕುರ್ಚಿಯನ್ನು ಖಾಲಿ ಮಾಡಿ, ಅತ್ತೆಯನ್ನು ಮುಂದಕ್ಕೆ ಕರೆದು ಕೂರಿಸಿಕೊಂಡರು. ಪತ್ತೇದಾರರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು.

"ಹಾಗಾದ್ರೆ ನಿಮ್ಮನ್ನೇ ಕೇಳ್ತೀನಿ," ಎಂದರು ಅತ್ತೆಗೆ. "ಆಯಮ್ಮ ಹೋಗಬೇಡಿ ಅಂತಿದಾಳೆ. ಅವನು ಹೋಗ್ತಾನಾ, ನಿಲ್ತಾನಾ?"

ಯಾರೂ ಪಾಪ ಎನ್ನಲಿಲ್ಲ. ಎಲ್ಲರೂ ಉತ್ತರಕ್ಕಾಗಿ ಮುಂದಕ್ಕೆ ಬಾಗಿ ಕೂತಿದ್ದರು. ಅವರಿಗೆ ಬೇಕಾಗಿದ್ದದ್ದು ನಮ್ಮ ದುಃಖವಲ್ಲ. ಅವನು ಮುಂದೆ ಏನು ಮಾಡುತ್ತಾನೆ ಎನ್ನುವುದು. ಅವನ ಬಗ್ಗೆ ಆ ಪ್ರಶ್ನೆಯನ್ನು ಯಾರಾದರೂ ಕೇಳಬಹುದು ಎಂದೇ ನಾನು ಅಂದುಕೊಂಡಿರಲಿಲ್ಲ.

ಅತ್ತೆ ಯೋಚಿಸಿದರು. "ಹೋಗ್ತಾನೆ," ಎಂದರು. "ಕೆಲಸ ಅಲ್ವಾ, ಹೋಗಲೇಬೇಕು. ಹಾಡ್ತಾ ಹೋಗ್ತಾನೆ. ಅವಳಿಗೆ ಕೇಳಿಸೋ ಹಾಗೆ."

"ಹಾಡಲ್ಲ," ಎಂದೆ ನಾನು.

"ಕುರ್ಚಿಯಲ್ಲಿರೋರು ಮಾತಾಡೋ ಹಾಗಿಲ್ಲ," ಎಂದರು ಕವಿ, ಅಭ್ಯಾಸಬಲದಿಂದ.

"ಎದ್ದಿದಾರಲ್ಲ, ನೋಡಿ," ಎಂದರು ಮಕ್ಕಳ ಕಥೆಯಾಕೆ.

ನಾನು ಎದ್ದಿದ್ದೆ.

"ಹಾಡಲ್ಲ ಅತ್ತೆ. ಅವನ ಹಾಡು ಕೇಳಿದ್ರೆ ಆಯಮ್ಮ ಇನ್ನೂ ಹೆದರ್ತಾಳೆ."

ಅತ್ತೆ ನನ್ನನ್ನು ನೋಡಿದರು. ಅವರ ತುಟಿ ಒಂದು ಕಡೆಗೆ ಎಳೆಯಿತು. ಅಳುತ್ತಾರೆ ಎಂದುಕೊಂಡೆ, ನಕ್ಕರು. "ಅದೂ ನಿಜ," ಎಂದರು. "ಶ್ರುತಿ ಅನ್ನೋದು ಇರಲೇ ಇಲ್ಲ. ಮತ್ತೇನು ಮಾಡ್ತಾನೆ, ನೀನೇ ಹೇಳು."

ನನಗೆ ಗೊತ್ತಿರಲಿಲ್ಲ. ಹೇಳುತ್ತ ಹೋದ ಹಾಗೆ ಗೊತ್ತಾಯಿತು.

"ಮೆಟ್ಟಿಲು ಹತ್ತುತ್ತಾನೆ. ಪ್ರತಿ ಅಂತಸ್ತಿನಲ್ಲೂ ನಿಂತು ಒಂದೊಂದು ಮನೆಯ ಬಾಗಿಲು ತಟ್ಟುತ್ತಾನೆ. ಕೆಳಗೆ ಒಬ್ಬರು ಸಿಕ್ಕಿಕೊಂಡಿದಾರೆ, ನಾನು ಮೇಲೆ ಹೋಗ್ತಿದೀನಿ, ನೀವು ಸ್ವಲ್ಪ ಹೋಗಿ ಬಾಗಿಲ ಹತ್ತಿರ ನಿಂತು ಮಾತಾಡ್ತಿರಿ, ಏನಾದ್ರೂ ಪರವಾಗಿಲ್ಲ ಅನ್ನುತ್ತಾನೆ. ಅವನು ನೆತ್ತಿ ಸೇರುವಷ್ಟರಲ್ಲಿ ಕೆಳಗೆ ಜನ ಸೇರಿರ್ತಾರೆ. ಆ ಕಟ್ಟಡದಲ್ಲಿ ಆಕೆಗೆ ಅಲ್ಲಿವರೆಗೆ ಯಾರ ಪರಿಚಯವೂ ಇರಲಿಲ್ಲ."

ಅಷ್ಟು ಹೇಳಿ ನಿಲ್ಲಿಸಿದೆ. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಮೊದಲು ಯಾರು ಕೆಳಗಿಳಿದು ಬರುತ್ತಾರೆ ಎನ್ನುವುದು ಜಗಳ. ಮಕ್ಕಳ ಕಥೆಯಾಕೆ ಒಬ್ಬ ಅಜ್ಜಿಯನ್ನು ಕಳಿಸಿದರು. ಪತ್ತೇದಾರರು ನಿವೃತ್ತ ಇನ್ಸ್‌ಪೆಕ್ಟರನ್ನು ಕಳಿಸಲು ನೋಡಿದರು, ಅವನು ಆಕೆಯನ್ನೇ ವಿಚಾರಣೆ ಮಾಡುತ್ತಾನೆಂದು ಯಾರೂ ಒಪ್ಪಲಿಲ್ಲ. ಬಾಗಿಲು ತೆರೆಯಬಾರದೆಂದ ಕವಿ, ಆಕೆಗೆ ಕುಡಿಯಲು ನೀರು ಕೊಡುವುದು ಹೇಗೆಂದು ಚಿಂತಿಸುತ್ತಿದ್ದರು.

ಊಟದ ಗಂಟೆ ಹೊಡೆಯಿತು. ಜಗಳ ಆಡುತ್ತಲೇ ಎಲ್ಲರೂ ಹೊರಗೆ ಹೋದರು. ಪ್ರಕಾಶಕಿ ನನ್ನ ಬಳಿ ಬಂದು ನಿಂತರು.

"ಏನೋ ಮಾತಾಡಬೇಕು ಅಂತಿದ್ರಂತೆ, ಅತ್ತೆ ಹೇಳಿದ್ರು," ಎಂದರು.

ನಾನು ಯಾರಿಗೂ ಹೇಳಿರಲಿಲ್ಲ. ಅತ್ತೆಗೆ ಹೇಗೆ ತಿಳಿಯಿತೋ.

"ಪೆನ್ನು ಇದೆಯಾ?" ಎಂದೆ.

ಆಕೆ ಪೆನ್ನು ಕೊಟ್ಟು, ಮತ್ತೇನೂ ಕೇಳದೆ ಊಟಕ್ಕೆ ಹೋದರು.

ಖಾಲಿ ಕೋಣೆಯಲ್ಲಿ ಕೂತು ಪತ್ತೇದಾರರು ಬಿಟ್ಟುಹೋದ ಹಾಳೆಯ ಹಿಂಬದಿಯಲ್ಲೇ ಬರೆದೆ. ಕೈಗೆ ಅಭ್ಯಾಸ ತಪ್ಪಿತ್ತು, ಅಕ್ಷರಗಳು ದೊಡ್ಡ ದೊಡ್ಡದಾಗಿ ಬಂದವು. ಅವನು ಹೊರಟ, ಮೊದಲ ಮೆಟ್ಟಿಲ ಸಾಲು ಹತ್ತಿದ, ಬಲಗಡೆಯ ಮನೆಯ ಬಾಗಿಲು ತಟ್ಟಿದ. ಅತ್ತೆ ಹಿಂದೆ ನಿಂತು, ನನ್ನ ಭುಜದ ಮೇಲಿಂದ ಓದುತ್ತಿದ್ದರು.

"ಅವನು ಬಾಗಿಲು ತಟ್ಟಿದ್ದನ್ನ ನಾನು ನೋಡೇ ಇಲ್ಲ," ಎಂದರು. "ಬೆಲ್ಲು ಒತ್ತಿ ಹಿಡ್ಕೊಂಡೇ ಇರೋನು, ತೆಗೆಯೋ ತನಕ."

"ಕರೆಂಟಿಲ್ಲ ಅತ್ತೆ."

ಅವರು ಸ್ವಲ್ಪ ಹೊತ್ತು ಆ ಸಾಲನ್ನೇ ನೋಡಿದರು.

"ಹೌದಲ್ಲ," ಎಂದರು. "ಹಾಗಿದ್ರೆ ತಟ್ಟಲಿ."